ಡಬ್ಬಿಯಲ್ಲಿ ಕೂಡಿಬಿದ್ದ ಚಿಲ್ಲರೆಯನ್ನು ಖಾತೆಗೆ ಸೇರಿಸುವುದು ಹೇಗೆ?

ಕೋಲಾರದ ಕಡೆಯ ಮನೆಗಳಲ್ಲಿ ಚಿಲ್ಲರೆ ಸೇರುವುದು ದೇವರ ಗೂಡಿನ ಬಟ್ಟಲಿಗೆ, ಅಡುಗೆಮನೆಯ ಸಾಸಿವೆ ಡಬ್ಬಿಗೆ, ಇಲ್ಲವೇ ಮಕ್ಕಳ ಮಣ್ಣಿನ ಹುಂಡಿಗೆ. ಒಂದಷ್ಟು ಕೋಲಾರಮ್ಮನ ಗುಡಿಯಲ್ಲಿ ನೆಲಕ್ಕೆ ಕೊರೆದಿರುವ ಹಳೆಯ ಹುಂಡಿಗೆ ಕಾಣಿಕೆಯಾಗಿ ಬೀಳುತ್ತದೆ. ಉಳಿದದ್ದು, ಮೊಬೈಲಿನಲ್ಲೇ ಹಣ ಕೊಡುವುದು ರೂಢಿಯಾದ ಮೇಲೆ, ವರ್ಷಗಟ್ಟಲೆ ಕದಲುವುದಿಲ್ಲ. ಹೂವು, ಸೊಪ್ಪು ಮಾರುವವರು ಬೆಳಿಗ್ಗೆ ಬೋಣಿಗೆಯ ಹೊತ್ತಿನಲ್ಲೇ ಚಿಲ್ಲರೆಗಾಗಿ ಪರದಾಡುತ್ತಿರುವಾಗ ಅದು ಹೀಗೆ ಮೂಲೆ ಸೇರುವುದು ಸರಿಯಲ್ಲ.

ಮೊದಲು ಡಬ್ಬಿಯನ್ನು ಹಳೆಯ ಪಂಚೆಯ ಮೇಲೆ ಸುರಿದು ಬೆಲೆವಾರು ವಿಂಗಡಿಸಿ. 25 ಪೈಸೆ ಮತ್ತು ಅದಕ್ಕಿಂತ ಕಡಿಮೆ ಬೆಲೆಯ ನಾಣ್ಯಗಳು 2011ರ ಜೂನ್ 30ರಿಂದ ಚಲಾವಣೆಯಲ್ಲಿಲ್ಲ, ಅವನ್ನು ಬೇರೆ ಇಡಿ. 50 ಪೈಸೆ ಇಂದಿಗೂ ಸಲ್ಲುತ್ತದೆ. ಹಳೆಯ ನಾಣ್ಯಕ್ಕೆ ಲಕ್ಷ ರೂಪಾಯಿ ಕೊಡುತ್ತೇವೆಂದು ಮುಂಗಡ ಶುಲ್ಕ ಕೇಳುವವರನ್ನು ನಂಬಬೇಡಿ. ತನ್ನ ಹೆಸರಿನಲ್ಲಿ ನಡೆಯುವ ಈ ಮೋಸದ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ.

ಹೆಚ್ಚು ಗೊಂದಲ ಇರುವುದು ಹತ್ತು ರೂಪಾಯಿಯ ನಾಣ್ಯದಲ್ಲಿ. ರೂಪಾಯಿ ಚಿಹ್ನೆ ಇಲ್ಲದ್ದು ನಕಲಿ ಎಂಬ ಮಾತನ್ನು ಹಿಡಿದು ಅನೇಕ ಅಂಗಡಿಯವರು ಅದನ್ನು ಹಿಂದಿರುಗಿಸುತ್ತಾರೆ. ಆದರೆ ಆ ಚಿಹ್ನೆ ನಾಣ್ಯಗಳ ಮೇಲೆ ಬಂದದ್ದೇ 2011ರಲ್ಲಿ. ಅದಕ್ಕೂ ಮೊದಲು ಟಂಕಿಸಿದ ನಾಣ್ಯದಲ್ಲಿ ಅದು ಇರುವುದಾದರೂ ಹೇಗೆ? 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್, ಅಲ್ಲಿಯವರೆಗೆ ಹೊರಬಂದಿದ್ದ 14 ವಿನ್ಯಾಸಗಳೂ ಸಲ್ಲುತ್ತವೆ ಎಂದು ಸ್ಪಷ್ಟಪಡಿಸಿತು. ಅಂಗಡಿಯವರಿಗೆ ಇದನ್ನು ಸಮಾಧಾನದಿಂದ ತಿಳಿಸಿ, ಏಕೆಂದರೆ ತಮ್ಮಿಂದ ಮುಂದೆ ಯಾರೂ ತೆಗೆದುಕೊಳ್ಳುವುದಿಲ್ಲವೆಂಬ ಭಯವೇ ಅವರ ನಿರಾಕರಣೆಗೆ ಕಾರಣ.

ವಿಂಗಡಿಸಿದ ಮೇಲೆ ಒಂದು ಮತ್ತು ಎರಡು ರೂಪಾಯಿಯ ನಾಣ್ಯಗಳನ್ನು ನೂರು ನೂರರಂತೆ ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ, ಮೇಲೆ ಮೊತ್ತ ಬರೆಯಿರಿ. ಹೀಗೆ ಕಟ್ಟಿ ತಂದರೆ ಕ್ಯಾಷಿಯರ್‌ಗೂ ಗ್ರಾಹಕರಿಗೂ ಅನುಕೂಲವೆಂದು ರಿಸರ್ವ್ ಬ್ಯಾಂಕಿನ ಸುತ್ತೋಲೆಯೇ ಹೇಳುತ್ತದೆ. ತಿಂಗಳ ಮೊದಲ ವಾರದ ನೂಕುನುಗ್ಗಲು ಕಳೆದ ಮೇಲೆ ನಿಮ್ಮ ಖಾತೆಯಿರುವ ಶಾಖೆಗೆ ಹೋಗಿ, ಚಲನ್‌ನಲ್ಲಿ ನಾಣ್ಯಗಳ ಮೊತ್ತವನ್ನು ನಮೂದಿಸಿ ಕಟ್ಟಿ. ಅಂಗಡಿಯಲ್ಲಿ ಒಂದು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ನಾಣ್ಯಗಳು ಒಟ್ಟು 1,000 ರೂಪಾಯಿಯವರೆಗೆ ಮಾತ್ರ ಕಾನೂನುಬದ್ಧ ಪಾವತಿ ಎನಿಸುತ್ತವೆ; ಖಾತೆಗೆ ಕಟ್ಟುವುದಕ್ಕೆ ಅಂಥ ಮಿತಿಯಿಲ್ಲ.

ಶಾಖೆಯವರು ಒಪ್ಪದಿದ್ದರೆ ಬ್ಯಾಂಕಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ ಬ್ಯಾಂಕುಗಳ ಮೇಲಿನ ದೂರುಗಳನ್ನು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲಿ ದೂರು ಸಲ್ಲಿಸಬಹುದು, ಇದಕ್ಕೆ ಶುಲ್ಕವಿಲ್ಲ.

ಮುಂದೆ ಸೇರುವ ಚಿಲ್ಲರೆಗೆ, ಪ್ರತಿ ತಿಂಗಳೂ ನಿಗದಿತ ಮೊತ್ತ ಕಟ್ಟುವ ಅಂಚೆ ಕಚೇರಿಯ ಆರ್‌.ಡಿ. ಖಾತೆ ಒಳ್ಳೆಯ ದಾರಿ. ತಿಂಗಳಿಗೆ ಕನಿಷ್ಠ 100 ರೂಪಾಯಿಯಂತೆ ಐದು ವರ್ಷ ಕಟ್ಟಿದರೆ ಅಸಲೇ 6,000 ರೂಪಾಯಿಯಾಗುತ್ತದೆ, ಬಡ್ಡಿ ಬೇರೆ. ಹತ್ತು ವರ್ಷ ತುಂಬಿದ ಮಕ್ಕಳ ಹೆಸರಿನಲ್ಲೂ ಈ ಖಾತೆ ತೆರೆಯಬಹುದಾದ್ದರಿಂದ, ಹುಂಡಿ ಒಡೆದ ದಿನ ಮಕ್ಕಳನ್ನೂ ಅಂಚೆ ಕಚೇರಿಗೆ ಕರೆದುಕೊಂಡು ಹೋಗಿ.