ನಾದದೆ ಮಾಡುವ ಬ್ರೆಡ್: ಬೀಡಿನ ಪಾತ್ರೆ, ನಮ್ಮ ಮೈದಾ, ನಮ್ಮ ಸೆಕೆ

ನ್ಯೂಯಾರ್ಕಿನ ಸಲಿವನ್ ಸ್ಟ್ರೀಟ್ ಬೇಕರಿಯ ಜಿಮ್ ಲೇಹಿ ಅವರ ಈ ವಿಧಾನ 2006ರ ನವೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಅಚ್ಚಾದ ಮೇಲೆ ಲೋಕವೆಲ್ಲ ಹಬ್ಬಿತು. ಮೂಲ ಲೆಕ್ಕ ಹೀಗಿದೆ: ಮೂರು ಕಪ್ ಹಿಟ್ಟು, ಕಾಲು ಟೀ ಚಮಚ ಇನ್‌ಸ್ಟಂಟ್ ಯೀಸ್ಟ್, 21 ಡಿಗ್ರಿ ಆಸುಪಾಸಿನ ಕೋಣೆಯಲ್ಲಿ 12ರಿಂದ 18 ಗಂಟೆ. ಏಪ್ರಿಲ್ ತಿಂಗಳ ಬೆಂಗಳೂರಿನಲ್ಲಿ ಇದನ್ನೇ ಅಕ್ಷರಶಃ ಪಾಲಿಸಿದರೆ ಬೆಳಗಾಗುವಷ್ಟರಲ್ಲಿ ಹಿಟ್ಟು ಹುಳಿಯೇರಿ ನೀರೊಡೆದಿರುತ್ತದೆ. ಇಡ್ಲಿ ಹಿಟ್ಟನ್ನು ಚಳಿಗಾಲದಲ್ಲಿ ಒಂದು ತರಹ, ಬೇಸಿಗೆಯಲ್ಲಿ ಇನ್ನೊಂದು ತರಹ ನೋಡಿಕೊಳ್ಳುವ ಕಣ್ಣೇ ಇಲ್ಲೂ ಬೇಕು.

ನಾನು ಬಳಸುವ ಅಳತೆ: ಮೈದಾ 350 ಗ್ರಾಂ, ಗೋಧಿ ಹಿಟ್ಟು 50 ಗ್ರಾಂ, ಉಪ್ಪು 8 ಗ್ರಾಂ, ನೀರು 285 ಗ್ರಾಂ, ಯೀಸ್ಟ್ ಅರ್ಧ ಗ್ರಾಂ (ಎರಡು ಚಿಟಿಕೆ). ಡಿಸೆಂಬರ್–ಜನವರಿಯಲ್ಲಿ ಮಾತ್ರ ಯೀಸ್ಟ್ ಒಂದು ಗ್ರಾಂ. ನಮ್ಮ ಅಂಗಡಿಯ ಮೈದಾದಲ್ಲಿ ಪ್ರೋಟೀನ್ ಅಮೆರಿಕದ ಬ್ರೆಡ್ ಹಿಟ್ಟಿಗಿಂತ ಸಾಮಾನ್ಯವಾಗಿ ಕಡಿಮೆ. ಆದ್ದರಿಂದ 300 ಗ್ರಾಂ ನೀರು ಹಾಕಿದರೆ ಹಿಟ್ಟು ಎದ್ದು ನಿಲ್ಲದೆ ಹರಡಿಕೊಳ್ಳುತ್ತದೆ. ಕಪ್ ಬಿಟ್ಟು ಡಿಜಿಟಲ್ ತಕ್ಕಡಿ ಹಿಡಿಯಿರಿ. ಒಂದೇ ಕಪ್ಪಿನಲ್ಲಿ ಒತ್ತಿ ತುಂಬಿದ ಮೈದಾಕ್ಕೂ ಸಡಿಲವಾಗಿ ತುಂಬಿದ್ದಕ್ಕೂ ಇಪ್ಪತ್ತು ಮೂವತ್ತು ಗ್ರಾಂ ವ್ಯತ್ಯಾಸ ಸುಲಭವಾಗಿ ಬರುತ್ತದೆ.

ಒಣ ಸಾಮಾನನ್ನು ಬೆರೆಸಿ, ನೀರು ಹಾಕಿ, ಒಣ ಹಿಟ್ಟು ಕಾಣದಂತೆ ಚಮಚದಿಂದ ಕಲಸಿದರೆ ಸಾಕು. ಗಂಟುಗಂಟಾಗಿ, ಜಿಗುಟಾಗಿ ಕಾಣುತ್ತದೆ, ಹಾಗೇ ಇರಬೇಕು. ಗೋಧಿಯ ಪ್ರೋಟೀನ್‌ಗಳು ನೀರು ಕುಡಿದು ತಾವೇ ಬೆಸೆದುಕೊಂಡು ಗ್ಲುಟೆನ್ ಎಂಬ ಹಿಗ್ಗುವ ಎಳೆಗಳಾಗುತ್ತವೆ. ಯೀಸ್ಟ್ ಬಿಡುವ ಗಾಳಿ ಆ ಎಳೆಗಳನ್ನು ನಿಧಾನವಾಗಿ ಎಳೆದು ಹದಗೊಳಿಸುತ್ತದೆ. ನಾದುವ ಕೈಗಳ ಕೆಲಸವನ್ನು ಹೊತ್ತು ಮಾಡುತ್ತದೆ.

ಆದರೆ ಎಷ್ಟು ಹೊತ್ತು? 27–28 ಡಿಗ್ರಿಯಲ್ಲಿ ಒಂಬತ್ತು ಹತ್ತು ಗಂಟೆ ಧಾರಾಳ. ಮಂಗಳೂರು, ಕಾರವಾರದ ಸೆಕೆಗೆ ಮೂರು ಗಂಟೆ ಹೊರಗಿಟ್ಟು, ಆಮೇಲೆ ರಾತ್ರಿಯಿಡೀ ಫ್ರಿಜ್‌ನಲ್ಲಿಡುವುದು ಕ್ಷೇಮ, ರುಚಿಯೂ ಹೆಚ್ಚು. ಗಡಿಯಾರಕ್ಕಿಂತ ಹಿಟ್ಟನ್ನು ನಂಬಿ: ಎರಡು ಪಟ್ಟು ಉಬ್ಬಿರಬೇಕು, ಮೇಲೆಲ್ಲ ಗುಳ್ಳೆಗಳಿರಬೇಕು, ಪಾತ್ರೆ ಅಲುಗಿಸಿದರೆ ತುಳುಕಬೇಕು. ನಡುಭಾಗ ಕುಸಿದು, ಅಂಚಿನಲ್ಲಿ ನೀರು ಬಿಟ್ಟು, ಹೆಂಡದ ವಾಸನೆ ಬಂದರೆ ಹೊತ್ತು ಮೀರಿದೆ. ಅಂಥ ಹಿಟ್ಟು ಗುಂಡಗೆ ನಿಲ್ಲುವುದಿಲ್ಲ. ಅದನ್ನು ಧಾರಾಳವಾಗಿ ಎಣ್ಣೆ ಸವರಿದ ತಟ್ಟೆಗೆ ಸುರಿದು, ಮೇಲೂ ಎಣ್ಣೆ ಹಾಕಿ, ಫೊಕಾಚಾ (ಇಟಲಿಯ ಚಪ್ಪಟೆ ಬ್ರೆಡ್) ಮಾಡಿಬಿಡಿ.

ಹದ ಬಂದ ಹಿಟ್ಟನ್ನು ಮೈದಾ ಉದುರಿಸಿದ ಕಟ್ಟೆಗೆ ಹಾಕಿ, ನಾಲ್ಕೂ ಬದಿಯಿಂದ ಎಳೆದು ಮಡಚಿ, ಮಡಿಕೆ ಕೆಳಗಾಗುವಂತೆ ಬೇಕಿಂಗ್ ಪೇಪರ್ ಮೇಲಿಟ್ಟು ಮುಚ್ಚಿ. ಬೇಸಿಗೆಯಲ್ಲಿ ನಲವತ್ತೈದು ನಿಮಿಷ, ಚಳಿಗಾಲದಲ್ಲಿ ಒಂದೂವರೆ ಗಂಟೆ. ಬೆರಳಿನಿಂದ ಒತ್ತಿದ ಗುಳಿ ನಿಧಾನವಾಗಿ ಅರ್ಧದಷ್ಟು ಮೇಲೇಳಬೇಕು. ತಕ್ಷಣ ಪುಟಿದರೆ ಇನ್ನೂ ಕಾಯಿರಿ.

ಅಷ್ಟರಲ್ಲಿ ಪಾತ್ರೆ ಕಾದಿರಬೇಕು. ಡಚ್ ಓವನ್ ಎಂದರೆ ಬಿಗಿ ಮುಚ್ಚಳದ ದಪ್ಪ ಬೀಡಿನ (ಎರಕದ ಕಬ್ಬಿಣದ) ಪಾತ್ರೆ; ಈ ಅಳತೆಗೆ 20–22 ಸೆಂ.ಮೀ. ಅಗಲ ಸರಿ. ಓಟಿಜಿ (ಮನೆಬಳಕೆಯ ಸಣ್ಣ ವಿದ್ಯುತ್ ಓವನ್) ಕೊಳ್ಳುವ ಮುನ್ನ ಮುಚ್ಚಳ ಸಮೇತ ಪಾತ್ರೆಯ ಎತ್ತರ ಅಳೆಯಿರಿ: ಮೇಲಿನ ಕಾಯುವ ಕಂಬಿಗೆ ಮುಚ್ಚಳ ತಾಗಬಾರದು. ಹಿಡಿ ಪ್ಲಾಸ್ಟಿಕ್‌ನದಾದರೆ ಕಳಚಿ, ತೂತಿಗೆ ಫಾಯಿಲ್ ತುರುಕಿ. ಮೇಲಿನ, ಕೆಳಗಿನ ಎರಡೂ ಕಂಬಿ ಆನ್ ಮಾಡಿ 230 ಡಿಗ್ರಿಯಲ್ಲಿ ಪಾತ್ರೆಯನ್ನು ಮುಚ್ಚಳ ಸಮೇತ 40–45 ನಿಮಿಷ ಕಾಯಿಸಿ. ಓಟಿಜಿಯ ದೀಪ ಆರಿದಾಗ ಗಾಳಿ ಮಾತ್ರ ಕಾದಿರುತ್ತದೆ, ಬೀಡು ಇನ್ನೂ ಕಾದಿರುವುದಿಲ್ಲ.

ಹೊಸ ಬ್ಲೇಡಿನಿಂದ ಹಿಟ್ಟನ್ನು ಅರ್ಧ ಇಂಚು ಆಳ ಸೀಳಿ, ಪೇಪರ್ ಸಮೇತ ಪಾತ್ರೆಗಿಳಿಸಿ, ಮುಚ್ಚಿ 30 ನಿಮಿಷ. ಹಿಟ್ಟಿನಿಂದಲೇ ಹೊರಡುವ ಹಬೆ ಒಳಗೇ ಉಳಿದು ಮೇಲ್ಮೈಯನ್ನು ಒದ್ದೆಯಾಗಿಡುತ್ತದೆ. ಹೊರಪದರ ಬೇಗ ಗಟ್ಟಿಯಾಗದೆ ಬ್ರೆಡ್ ಪೂರ್ತಿ ಉಬ್ಬುತ್ತದೆ, ಪಿಷ್ಟ ಬೆಂದು ಹೊಳಪು ಬರುತ್ತದೆ. ಬರಿಯ ಓಟಿಜಿಯಲ್ಲಿ ಹಬೆ ಸಂದಿಗಳಿಂದ ಸೋರಿಹೋಗುವುದರಿಂದಲೇ ಇಷ್ಟು ಭಾರದ ಪಾತ್ರೆ ಬೇಕಾಗುವುದು. ಆಮೇಲೆ ಮುಚ್ಚಳ ತೆಗೆದು 15–20 ನಿಮಿಷ, ಗಾಢ ಕಂದು ಬರುವವರೆಗೆ. ತಿಳಿ ಹೊಂಬಣ್ಣಕ್ಕೇ ತೆಗೆದರೆ ಅರ್ಧ ಗಂಟೆಯಲ್ಲಿ ಹೊರಪದರ ಮೆತ್ತಗಾಗುತ್ತದೆ. ತಳ ಸೀಯುತ್ತಿದ್ದರೆ ಪಾತ್ರೆಯ ಕೆಳಗಿನ ಅಂತಸ್ತಿನಲ್ಲಿ ಖಾಲಿ ಟ್ರೇ ಇಡಿ. ಥರ್ಮಾಮೀಟರ್ ಇದ್ದವರು ನಡುಭಾಗ 97 ಡಿಗ್ರಿ ಮುಟ್ಟಿದೆಯೇ ನೋಡಿ.

ಜಾಲರಿಯ ಮೇಲೆ ಕನಿಷ್ಠ ಒಂದು ಗಂಟೆ ಆರಲೇಬೇಕು. ಬಿಸಿಯಲ್ಲಿ ಕೊಯ್ದರೆ ತಿರುಳು ಚಾಕುವಿಗೆ ಅಂಟಿ ಮುದ್ದೆಯಾಗುತ್ತದೆ. ಪ್ಲಾಸ್ಟಿಕ್ ಚೀಲ ಬೇಡ. ಕೊಯ್ದ ಬದಿ ಹಲಗೆಗೆ ಮುಖಮಾಡಿ ಬಟ್ಟೆ ಮುಚ್ಚಿಡಿ. ಮರುದಿನ 200 ಡಿಗ್ರಿಯಲ್ಲಿ ಏಳೆಂಟು ನಿಮಿಷ ಬಿಸಿ ಮಾಡಿದರೆ ಹೊರಪದರ ಮತ್ತೆ ಗರಿಗರಿಯಾಗುತ್ತದೆ.