ಮರಣ ಪ್ರಮಾಣಪತ್ರ ಬೇಕೇ? ದಾಖಲೆ ಯಾವ ಊರಲ್ಲಿದೆ ಎಂದು ಮೊದಲು ಹುಡುಕಿ

ಮನೆಯವರೊಬ್ಬರು ತೀರಿಕೊಂಡ ಮೇಲೆ ಕಾರ್ಯಗಳು ಮುಗಿಯುವ ಮೊದಲೇ ಕಾಗದಪತ್ರದ ಕೆಲಸ ಶುರುವಾಗುತ್ತದೆ. ಬ್ಯಾಂಕಿನವರು ಮರಣ ಪ್ರಮಾಣಪತ್ರ ಕೇಳುತ್ತಾರೆ, ಎಲ್‌ಐಸಿಯವರು ಕೇಳುತ್ತಾರೆ. ಕುಟುಂಬ ಪಿಂಚಣಿಗೆ ಬೇಕು, ಪಿಎಫ್‌ಗೆ ಬೇಕು, ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗಂತೂ ಬೇಕೇ ಬೇಕು. ದುಃಖದಲ್ಲಿರುವವರು ಇದಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುವುದನ್ನು ನೋಡಿದರೆ ಸಂಕಟವಾಗುತ್ತದೆ. ಈ ಅಲೆದಾಟಕ್ಕೆ ಬಹಳ ಸಲ ಕಾರಣ ಒಂದೇ. ಅವರು ಹೋದ ಕಚೇರಿಯಲ್ಲಿ ಆ ದಾಖಲೆ ಇರುವುದೇ ಇಲ್ಲ.

ದಾಖಲೆ ಇರುವುದು ಸ್ವಂತ ಊರಲ್ಲಲ್ಲ, ಸಾವು ಆದ ಊರಲ್ಲಿ

ಜನನ ಮತ್ತು ಮರಣಗಳ ನೋಂದಣಿ ಕಾಯ್ದೆ 1969ರದ್ದು. ಅದರ ಪ್ರಕಾರ ಸಾವು ಎಲ್ಲಿ ಆಯಿತೋ ಅಲ್ಲೇ ನೋಂದಣಿ ಆಗಬೇಕು. ಹಾವೇರಿ ಕಡೆಯ ಹಳ್ಳಿಯವರೊಬ್ಬರು ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಯಲ್ಲಿ ತೀರಿಕೊಂಡರು ಎಂದುಕೊಳ್ಳಿ. ಮಣ್ಣು ಮಾಡಿದ್ದು ಹಳ್ಳಿಯಲ್ಲೇ ಆದರೂ ದಾಖಲೆ ಇರುವುದು ಹುಬ್ಬಳ್ಳಿಯ ಮಹಾನಗರ ಪಾಲಿಕೆಯಲ್ಲಿ. ಹಳ್ಳಿಯ ಕಚೇರಿಯಲ್ಲಿ ಎಷ್ಟು ದಿನ ಹುಡುಕಿದರೂ ಸಿಗುವುದಿಲ್ಲ. ಆಂಬುಲೆನ್ಸಿನಲ್ಲಿ ಸಾಗಿಸುವಾಗ ದಾರಿಯಲ್ಲೇ ಜೀವ ಹೋಗಿದ್ದರೆ, ಆ ವಾಹನ ಮೊದಲು ನಿಂತ ಊರನ್ನೇ ಸಾವಿನ ಜಾಗ ಎಂದು ಹಿಡಿಯುತ್ತಾರೆ.

ಆಸ್ಪತ್ರೆಯಲ್ಲಿ ಸಾವಾದರೆ ಮಾಹಿತಿ ಕೊಡುವ ಹೊಣೆ ಆಸ್ಪತ್ರೆಯದು. ಸರ್ಕಾರಿ ಆಸ್ಪತ್ರೆಯಾಗಿದ್ದರೆ ಅಲ್ಲೇ ನೋಂದಣಿಯೂ ಆಗಿರಬಹುದು, ಹಾಗಾಗಿ ಮೊದಲು ಅಲ್ಲಿ ವಿಚಾರಿಸಿ. ಮನೆಯಲ್ಲಿ ತೀರಿಕೊಂಡರೆ ಮನೆಯ ಹಿರಿಯರೋ ಹತ್ತಿರದ ಸಂಬಂಧಿಕರೋ ತಿಳಿಸಬೇಕು. ನಗರದಲ್ಲಿ ಪಾಲಿಕೆ, ನಗರಸಭೆ ಅಥವಾ ಪುರಸಭೆಗೆ ಹೋಗಿ. ಹಳ್ಳಿಗಳಲ್ಲಿ ಈ ಕೆಲಸ ವರ್ಷಗಳಿಂದ ಗ್ರಾಮ ಲೆಕ್ಕಾಧಿಕಾರಿಯ ಬಳಿ ಇತ್ತು. ಅವರನ್ನೇ ಈಗ ಗ್ರಾಮ ಆಡಳಿತ ಅಧಿಕಾರಿ ಎನ್ನುತ್ತಾರೆ. 2024ರ ಜುಲೈನಿಂದ 30 ದಿನದೊಳಗಿನ ಸಾವುಗಳನ್ನು ಗ್ರಾಮ ಪಂಚಾಯಿತಿಯಲ್ಲೇ ಬರೆಸಬಹುದು. ಸ್ಮಶಾನದ ಅಥವಾ ಚಿತಾಗಾರದ ರಸೀದಿ ಕೊಟ್ಟಿದ್ದರೆ ಜೋಪಾನವಾಗಿ ಇಟ್ಟುಕೊಳ್ಳಿ. ಅಪಘಾತ, ಆತ್ಮಹತ್ಯೆಯಂಥ ಸಾವಾದರೆ ಎಫ್‌ಐಆರ್ ಮತ್ತು ಮರಣೋತ್ತರ ಪರೀಕ್ಷೆಯ ವರದಿಯ ಪ್ರತಿಗಳನ್ನೂ ಪೊಲೀಸರಿಂದ ಪಡೆದಿಟ್ಟುಕೊಳ್ಳಿ.

21 ದಿನದೊಳಗೆ ತಿಳಿಸಿದರೆ ದುಡ್ಡು ಕೊಡಬೇಕಿಲ್ಲ, ಮಾಹಿತಿ ಕೊಟ್ಟವರಿಗೆ ಮೊದಲ ಪ್ರಮಾಣಪತ್ರವೂ ಉಚಿತ. 30 ದಿನದವರೆಗೆ ಸಣ್ಣ ದಂಡ ಕಟ್ಟಿದರೆ ಆಯಿತು. ಆಮೇಲೆ ಒಂದು ವರ್ಷದವರೆಗೆ ಮೇಲಧಿಕಾರಿಯ ಲಿಖಿತ ಅನುಮತಿ ಬೇಕು.

ಹೆಸರು ಬರೆಸುವಾಗ ಅವಸರ ಬೇಡ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಹೆಚ್ಚು ಗಮನ ಕೊಡಬೇಕಾದ್ದು ಇಲ್ಲೇ. ಆಸ್ಪತ್ರೆಯಲ್ಲಿ ದಾಖಲು ಮಾಡುವ ಗಡಿಬಿಡಿಯಲ್ಲಿ ಯಾರೋ ಒಬ್ಬರು ಮನೆಯಲ್ಲಿ ಕರೆಯುವ ಹೆಸರನ್ನೇ ಬರೆಸಿರುತ್ತಾರೆ. ಆಧಾರ್‌ನಲ್ಲಿ ಬಸವರಾಜ ಎಂದಿರುತ್ತದೆ, ಪಹಣಿಯಲ್ಲಿ ಬಸಪ್ಪ ಬಿನ್ ಈರಪ್ಪ, ಆಸ್ಪತ್ರೆಯ ಕಾಗದದಲ್ಲಿ ಬಸಣ್ಣ. ಮೂವರೂ ಒಬ್ಬರೇ ಎಂದು ಊರಿಗೆಲ್ಲ ಗೊತ್ತು. ಆದರೆ ಬ್ಯಾಂಕಿನವರಿಗೂ ಪೌತಿ ಖಾತೆ ಮಾಡುವವರಿಗೂ ಅದು ಕಾಗದದಲ್ಲೇ ಕಾಣಬೇಕು, ಅಲ್ವಾ? ಮರಣ ವರದಿಯ ನಮೂನೆ 2ಕ್ಕೆ ಸಹಿ ಹಾಕುವ ಮೊದಲು ಆಧಾರ್, ಪಹಣಿ, ಪಾಸ್‌ಬುಕ್ ಮೂರನ್ನೂ ಮುಂದೆ ಇಟ್ಟುಕೊಂಡು ಒಂದೊಂದೇ ಅಕ್ಷರ ಓದಿ. ತಂದೆ ಅಥವಾ ಗಂಡನ ಹೆಸರು, ವಯಸ್ಸು, ವಿಳಾಸವನ್ನೂ ನೋಡಿ.

ತಪ್ಪು ಆಗಿಯೇ ಹೋಗಿದ್ದರೆ ಗಾಬರಿ ಬೇಡ. ಕಾಯ್ದೆಯ 15ನೇ ಕಲಂ ಪ್ರಕಾರ ತಿದ್ದುಪಡಿ ಮಾಡಿಸಬಹುದು. ಮೊದಲು ಬರೆದದ್ದನ್ನು ಅಳಿಸುವುದಿಲ್ಲ, ರಿಜಿಸ್ಟರಿನ ಅಂಚಿನಲ್ಲಿ ಸರಿಯಾದದ್ದನ್ನು ಬರೆದು ಸಹಿ ಮಾಡುತ್ತಾರೆ. ಅದಕ್ಕೆ ದಾಖಲೆಗಳ ಜೊತೆಗೆ, ವಿಷಯ ಗೊತ್ತಿರುವ ಇಬ್ಬರು ನಂಬಿಕಸ್ಥರ ಹೇಳಿಕೆ ಕೇಳಬಹುದು. ಕೆಲಸ ಆಗುತ್ತದೆ, ಆದರೆ ಸಮಯ ಹಿಡಿಯುತ್ತದೆ.

ಪ್ರತಿ ಪಡೆಯುವುದು

ನೋಂದಣಿ ಆಗಿದ್ದರೆ ಪ್ರತಿ ಪಡೆಯುವುದು ಸುಲಭದ ಕೆಲಸ. ಕರ್ನಾಟಕದಲ್ಲಿ ಈ ದಾಖಲೆಗಳು ಇ-ಜನ್ಮ ತಂತ್ರಾಂಶದಲ್ಲಿರುತ್ತವೆ. ನೋಂದಣಿ ಮಾಡಿದ ಕಚೇರಿಯಲ್ಲಿ ಅರ್ಜಿ ಕೊಡಿ. ಇಲ್ಲವೇ ಹತ್ತಿರದ ನಾಡಕಚೇರಿ ಅಥವಾ ಗ್ರಾಮ ಒನ್ ಸೇವಾ ಕೇಂದ್ರದಲ್ಲಿ ಕೇಳಬಹುದು. ಅರ್ಜಿಯಲ್ಲಿ ತೀರಿಕೊಂಡವರ ಹೆಸರು, ತಂದೆ ಅಥವಾ ಗಂಡನ ಹೆಸರು, ಸಾವಿನ ದಿನಾಂಕ ಮತ್ತು ಜಾಗ, ನಿಮಗೂ ಅವರಿಗೂ ಇರುವ ಸಂಬಂಧ ಬರೆಯಿರಿ. ನಿಮ್ಮ ಗುರುತಿನ ಚೀಟಿಯ ಜೆರಾಕ್ಸ್ ಇರಲಿ. ನೋಂದಣಿ ಸಂಖ್ಯೆ ಗೊತ್ತಿದ್ದರೆ ಹುಡುಕುವ ಕೆಲಸವೇ ತಪ್ಪುತ್ತದೆ. ಆ ಸಂಖ್ಯೆಯನ್ನು ಮನೆಯಲ್ಲಿ ಒಂದು ಕಡೆ ಬರೆದಿಡಿ.

ಅರ್ಜಿ ಕೊಟ್ಟ ಮೇಲೆ ಸಕಾಲ (ನಿಗದಿತ ದಿನದೊಳಗೆ ಸರ್ಕಾರಿ ಸೇವೆ ಕೊಡುವ ವ್ಯವಸ್ಥೆ) ಸಂಖ್ಯೆ ಇರುವ ರಸೀದಿ ಇಲ್ಲದೆ ವಾಪಸ್ ಬರಬೇಡಿ. ನಾಳೆ ತಡವಾದರೆ ಪ್ರಶ್ನೆ ಮಾಡಲು, ಮೇಲ್ಮನವಿ ಹಾಕಲು ಅದೇ ಆಧಾರ. ಶುಲ್ಕ ಕಡಿಮೆ ಇರುತ್ತದೆ. ಮಧ್ಯವರ್ತಿಗಳ ಕೈಗೆ ಸುಮ್ನೆ ಸಾವಿರಗಟ್ಟಲೆ ಕೊಡುವ ಅಗತ್ಯ ಖಂಡಿತ ಇಲ್ಲ.

ಇನ್ನೊಂದು ಮಾತು. ಈ ಪ್ರಮಾಣಪತ್ರದಲ್ಲಿ ಸಾವಿನ ಕಾರಣ ಇರುವುದಿಲ್ಲ. ಅದನ್ನು ಕಾಣಿಸಬಾರದು ಎಂದು ಕಾಯ್ದೆಯ 17ನೇ ಕಲಮೇ ಹೇಳುತ್ತದೆ. ವಿಮೆಯವರು ಕಾರಣ ಕೇಳಿದರೆ ಬೇಕಾಗುವುದು ವೈದ್ಯರು ಕೊಡುವ ಬೇರೆ ಪ್ರಮಾಣಪತ್ರ. ಆಸ್ಪತ್ರೆಯಲ್ಲಾದ ಸಾವಿಗೆ ಅದು ನಮೂನೆ 4, ಮನೆಯಲ್ಲಾದ ಸಾವಿಗೆ 4ಎ. ಅದರ ಪ್ರತಿಯನ್ನು ಹತ್ತಿರದ ಸಂಬಂಧಿಗೆ ಕೊಡಬೇಕು ಎಂದು 2023ರ ತಿದ್ದುಪಡಿಯಲ್ಲಿದೆ. ಆಸ್ಪತ್ರೆ ಬಿಡುವ ದಿನವೇ ಕೇಳಿ ಪಡೆಯಿರಿ.

ಅಜ್ಜನ ಕಾಲದ ಸಾವಾದರೆ

ಎಷ್ಟೋ ಮನೆಗಳಲ್ಲಿ ಜಮೀನು ಇನ್ನೂ ಅಜ್ಜನ ಹೆಸರಿನಲ್ಲೇ ಇದೆ. ಅವರು ತೀರಿಕೊಂಡದ್ದು ನಲವತ್ತು ಐವತ್ತು ವರ್ಷದ ಹಿಂದೆ, ಯಾರೂ ಬರೆಸಿಲ್ಲ. ಬರೆಸಿದ್ದಾರೋ ಇಲ್ಲವೋ ಎಂಬುದೂ ಗೊತ್ತಿಲ್ಲ. ಮೊದಲು ತಾಲ್ಲೂಕು ಕಚೇರಿಯ ಹಳೆಯ ರಿಜಿಸ್ಟರ್ ಹುಡುಕಿಸಿ. ಒಂದೇ ವರ್ಷ ಹೇಳಬೇಡಿ, ಹಿಂದೆ ಮುಂದೆ ಎರಡು ಮೂರು ವರ್ಷ ಸೇರಿಸಿ ಕೇಳಿ. ಹಿರಿಯರು ‘ಆ ದೊಡ್ಡ ಬರಗಾಲದ ಮರುವರ್ಷ’ ಎಂಬಂತೆ ನೆನಪಿಟ್ಟುಕೊಂಡಿರುತ್ತಾರೆ, ಇಸವಿಯಲ್ಲಿ ಹೆಚ್ಚುಕಡಿಮೆ ಆಗುವುದು ಸಹಜ.

ಸಿಗದಿದ್ದರೆ ‘ದಾಖಲೆ ಇಲ್ಲ’ ಎಂದು ಬರಹದಲ್ಲಿ ಪಡೆಯಿರಿ. ಬಾಯಿಮಾತು ಸಾಲದು. ಅದಕ್ಕೆ ನಮೂನೆ 10 ಇದೆ, ಕಚೇರಿಗಳಲ್ಲಿ ಹಿಂಬರಹ ಎಂದೂ ಹೇಳುತ್ತಾರೆ. ಒಂದು ವರ್ಷ ದಾಟಿದ ಸಾವಿಗೆ ಹೊಸದಾಗಿ ನೋಂದಣಿ ಮಾಡಿಸಲು ಆದೇಶ ಬೇಕು. ಇದು ಮೊದಲು ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ಕೆಲಸವಾಗಿತ್ತು. 2023ರ ತಿದ್ದುಪಡಿ ಆ ಅಧಿಕಾರವನ್ನು ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿ (ಅಂದರೆ ಉಪವಿಭಾಗಾಧಿಕಾರಿ) ಅಥವಾ ಜಿಲ್ಲಾ ದಂಡಾಧಿಕಾರಿ ನೇಮಿಸಿದ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಕೊಟ್ಟಿದೆ. ಹಾಗಾಗಿ ನಮೂನೆ 10 ಹಿಡಿದು ಉಪವಿಭಾಗಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ವಂಶವೃಕ್ಷ, ಹಳೆಯ ಪಹಣಿ, ಪಡಿತರ ಚೀಟಿ, ಇದ್ದರೆ ಸಮಾಧಿಯ ಕಲ್ಲಿನ ಫೋಟೊ, ಊರಿನ ಹಿರಿಯರ ಹೇಳಿಕೆ, ಇವು ನಿಮ್ಮ ಮಾತಿಗೆ ಬಲ ಕೊಡುತ್ತವೆ.

ಗಲ್ಫ್‌ನಲ್ಲೋ ಬೇರೆ ದೇಶದಲ್ಲೋ ತೀರಿಕೊಂಡವರ ದಾಖಲೆ ಊರಿನ ಪಂಚಾಯಿತಿಯಲ್ಲಿ ಸಿಗುವುದಿಲ್ಲ. ಭಾರತದ ಪ್ರಜೆಯಾಗಿದ್ದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ನೋಂದಣಿ ಆಗುತ್ತದೆ, ಪ್ರತಿಯನ್ನೂ ಅಲ್ಲಿಂದಲೇ ತರಿಸಿಕೊಳ್ಳಬೇಕು.

ಪ್ರತಿಗಳನ್ನು ಮಾತ್ರ ಒಂದೇ ಸಲ ನಾಲ್ಕೈದು ತೆಗೆದುಕೊಳ್ಳಿ. ಬ್ಯಾಂಕಿಗೆ ಒಂದು, ವಿಮೆಗೆ ಒಂದು, ಪಿಂಚಣಿಗೆ ಒಂದು, ತಾಲ್ಲೂಕು ಕಚೇರಿಗೆ ಒಂದು ಹೋಗುತ್ತದೆ. ಉಳಿದದ್ದು ಮನೆಯಲ್ಲಿರಲಿ.