ಇಲ್ಲದ ಕಾರ್ ಕಂಪನಿಗೆ ಇತಿಹಾಸ ಕಟ್ಟುವುದು

ಹಳೇ ಕಾಲದ ಕಾರುಗಳನ್ನು ಕಲ್ಪಿಸಿಕೊಂಡು ಬಿಡಿಸುವುದು ನನ್ನ ಹವ್ಯಾಸ. ಬರೀ ಕಾರಲ್ಲ. ಅದನ್ನು ತಯಾರಿಸಿದ ಕಂಪನಿ, ಅದರ ಏಳುಬೀಳು, ಬ್ರೋಷರು, ಎಲ್ಲವೂ ಬೇಕು ನನಗೆ. ತುಂಬ ಜನ ಮೊದಲು ಚೆಂದದ ಗ್ರಿಲ್ (ಕಾರಿನ ಮುಂಭಾಗದ ಜಾಲರಿ) ಬಿಡಿಸಿ, ಆಮೇಲೆ ಕಥೆ ಹುಡುಕುತ್ತಾರೆ. ನಾನು ಉಲ್ಟಾ. ಮೊದಲು ತೆರಿಗೆ, ತಗಡು, ದುಡ್ಡು. ಇಷ್ಟು ಗಟ್ಟಿಯಾದರೆ ಕಾರಿನ ಆಕಾರ ಅರ್ಧ ತಾನಾಗೇ ಬರುತ್ತದೆ.

ಈಗ ಕಟ್ಟುತ್ತಿರುವ ಕಂಪನಿಯನ್ನು ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಇಟ್ಟಿದ್ದೇನೆ. ಆ ಊರಿನ ರೋವರ್, ಸಿಂಗರ್, ರೈಲಿ ಎಲ್ಲ ಶುರುವಾಗಿದ್ದು ಸೈಕಲ್ಲಿನಿಂದ. ಹಾಗಾಗಿ ನನ್ನದೂ ಸೈಕಲ್ ಕಂಪನಿಯಾಗಿಯೇ ಹುಟ್ಟಿತು. ಅದರ ಮೊದಲ ಕಾರುಗಳ ಬಗ್ಗೆ ಜಾಸ್ತಿ ಬರೆದಿಲ್ಲ. ನನಗೆ ಆಸೆ ಇದ್ದದ್ದು 1930ರ ದಶಕದ ಮೇಲೆ.

ಯಾಕೆಂದರೆ ಅಲ್ಲೊಂದು ಮಜವಾದ ತೆರಿಗೆ ಇತ್ತು. 1921ರಿಂದ ಬ್ರಿಟನ್ನಿನಲ್ಲಿ ಕಾರಿಗೆ ಅಶ್ವಶಕ್ತಿಯ ಲೆಕ್ಕದಲ್ಲಿ ತೆರಿಗೆ ಹಾಕುತ್ತಿದ್ದರು. ಆ ಅಶ್ವಶಕ್ತಿ ಎಂಜಿನ್ನಿನ ನಿಜವಾದ ಶಕ್ತಿಯಲ್ಲ. ಬೋರ್, ಅಂದರೆ ಸಿಲಿಂಡರಿನ ಒಳಗಿನ ಅಗಲ, ಎಷ್ಟು ಇಂಚು ಎಂದು ಅಳೆದು, ಅದರ ವರ್ಗವನ್ನು ಸಿಲಿಂಡರುಗಳ ಸಂಖ್ಯೆಯಿಂದ ಗುಣಿಸಿ, 2.5ರಿಂದ ಭಾಗಿಸಬೇಕು, ಅಷ್ಟೇ. ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ, ಲೆಕ್ಕಕ್ಕೇ ಇಲ್ಲ! ಹಾಗಾದರೆ ಕಂಪನಿಗಳು ಏನು ಮಾಡುತ್ತವೆ? ಬೋರ್ ಸಣ್ಣದು ಮಾಡಿ ಸ್ಟ್ರೋಕ್ ಉದ್ದ ಮಾಡುತ್ತವೆ. ಆಸ್ಟಿನ್ ಸೆವೆನ್, ಮಾರಿಸ್ ಎಯ್ಟ್ ಅನ್ನುವ ಹೆಸರುಗಳಲ್ಲಿರುವುದು ಈ ತೆರಿಗೆಯ ಅಂಕಿಯೇ.

ನನ್ನ ಕಾರಿಗೂ ಇದೇ ಲೆಕ್ಕ ಹಾಕಿದೆ. ನಾಲ್ಕು ಸಿಲಿಂಡರ್, ಎರಡೂವರೆ ಇಂಚಿನ ಬೋರ್. ಸರಿಯಾಗಿ 10 ಬಂತು. ಕಾರಿನ ಹೆಸರು 'ಟೆನ್' ಎಂದು ಅಲ್ಲೇ ತೀರ್ಮಾನವಾಯಿತು. ಸ್ಟ್ರೋಕ್ 100 ಮಿಲಿಮೀಟರ್ ಕೊಟ್ಟೆ, ಸುಮಾರು 1,267 ಸಿಸಿ ಆಯಿತು. ಇಂಥ ಎಂಜಿನ್ ಎತ್ತರ, ಆದರೆ ಸಪೂರ. ಅದನ್ನು ಮುಚ್ಚುವ ಬಾನೆಟ್ಟೂ ಎತ್ತರ, ಸಪೂರ. ಅದರ ಮುಂದಿನ ಗ್ರಿಲ್ಲೂ ಹಾಗೇ. ಇಷ್ಟಾಗುವ ಹೊತ್ತಿಗೆ ನಾನು ಪೆನ್ಸಿಲ್ ಕೂಡ ಹಿಡಿದಿರಲಿಲ್ಲ.

ಎರಡನೇ ಮಹಾಯುದ್ಧ ಮುಗಿದ ಮೇಲಿನ ಕಾಲ ಇನ್ನೂ ಇಷ್ಟ ನನಗೆ. ಉಕ್ಕಿಗೆ ಬರ. ರಫ್ತು ಮಾಡುವವರಿಗೇ ತಗಡು ಮೊದಲು. ನನ್ನ ಕಂಪನಿಯೂ ಅಮೆರಿಕಕ್ಕೆ ಮಾರಲು ಹೊರಟಿತು. ಅಲ್ಲಿ 1940ರಿಂದ ಹೆಡ್‌ಲ್ಯಾಂಪ್ 7 ಇಂಚಿನ ದುಂಡನೆಯ ಸೀಲ್ಡ್ ಬೀಮೇ (ಗಾಜು, ಕನ್ನಡಿ ಎಲ್ಲ ಸೇರಿಸಿ ಮುಚ್ಚಿದ ಒಂದೇ ಲ್ಯಾಂಪು) ಆಗಬೇಕಿತ್ತು. ಬಿಡಿಸುವವರಿಗೆ ಇದು ವರ. ಹತ್ತರಲ್ಲೊಂದು ಅಳತೆಯ ಹಾಳೆಯಲ್ಲಿ 17.8 ಮಿಲಿಮೀಟರಿನ ವೃತ್ತ ಹಾಕಿಬಿಟ್ಟರೆ ಮುಂಭಾಗಕ್ಕೆಲ್ಲ ಅದೇ ಅಳತೆಗೋಲು. ಮಡ್‌ಗಾರ್ಡ್ ಎಷ್ಟು ದಪ್ಪ, ಬಂಪರ್ ಎಷ್ಟು ಕೆಳಗೆ, ಎಲ್ಲವನ್ನೂ ಅದರ ಪಕ್ಕ ಇಟ್ಟು ನೋಡಬಹುದು. ಕಲ್ಪನೆಯ ಕಾರು ಆಟಿಕೆಯ ಹಾಗೆ ಕಾಣುವುದು ಹೆಚ್ಚಾಗಿ ಲ್ಯಾಂಪು, ಚಕ್ರಗಳ ಗಾತ್ರ ತಪ್ಪಿದಾಗಲೇ.

ಇನ್ನು ದುಡ್ಡಿನ ವಿಷಯ. ತಗಡು ಒತ್ತುವ ಅಚ್ಚುಗಳಿಗೆ ವಿಪರೀತ ಖರ್ಚು. ಸಣ್ಣ ಕಂಪನಿ ಒಮ್ಮೆ ಮಾಡಿಸಿದ ಅಚ್ಚನ್ನು ಸುಮ್ನೆ ಬಿಸಾಡುವುದಿಲ್ಲ. ಸ್ವೀಡನ್ನಿನ ಸಾಬ್ ಕಂಪನಿ ನೋಡಿ. 1949ರ '92' ಮಾದರಿಯ ಆಕಾರ, 1980ರಲ್ಲಿ '96' ಮಾದರಿ ನಿಲ್ಲುವವರೆಗೂ ಗುರುತು ಸಿಗುವಂತೆ ಉಳಿದಿತ್ತು. ಹಾಗಾಗಿ ನನ್ನ 1948ರ ಸೆಡಾನಿನ ಬಾಗಿಲುಗಳನ್ನು ಕೊನೆಯವರೆಗೂ ಮುಟ್ಟಬಾರದು ಎಂದು ನಿಯಮ ಹಾಕಿಕೊಂಡೆ. ಬಾಗಿಲು ಅದೇ ಅಂದರೆ ಅದರ ಮುಂದೆ ಎದುರಿನ ಗಾಜನ್ನು ಹಿಡಿದ ಕಂಬವೂ ಅದೇ. 1948ರಲ್ಲಿ ಬಾಗಿದ ಗಾಜು ದುಬಾರಿ ಎಂದು ಎರಡು ಚಪ್ಪಟೆ ಗಾಜು ಹಾಕಿದ್ದೆ. 1954ರಲ್ಲಿ ಒಂದೇ ಬಾಗಿದ ಗಾಜು ಬಂತು, ಆದರೆ ಅದು ಹಳೇ ಕಂಬಗಳ ನಡುವೆಯೇ ಕೂರಬೇಕು. ಹಿಂದೆ ಡಿಕ್ಕಿ ಉದ್ದವಾಯಿತು, ಬಾಲಕ್ಕೆ ಸಣ್ಣ ರೆಕ್ಕೆ ಬಂತು. ನಡುಭಾಗ ಮಾತ್ರ ಹಾಗೇ ಇದೆ. ಈ ಕಾರುಗಳನ್ನು ಸಾಲಾಗಿ ಇಟ್ಟರೆ ಒಂದೇ ಮನೆಯವು ಅಂತ ಯಾರಾದರೂ ಹೇಳುತ್ತಾರೆ, ಅಲ್ವಾ? ನನಗೆ ಬೇಕಾಗಿದ್ದೂ ಅದೇ.

ಬ್ರೋಷರಿಗೆ ಬೇರೆ ಚಿತ್ರ ಬರೆಯುತ್ತೇನೆ. ಆ ಕಾಲದ ಬ್ರೋಷರುಗಳಲ್ಲಿ ಕಾರನ್ನು ಇರುವುದಕ್ಕಿಂತ ಉದ್ದ, ಅಗಲ ತೋರಿಸಿ, ಒಳಗಿನ ಜನರನ್ನು ಚಿಕ್ಕದಾಗಿ ಬರೆಯುವುದು ರೂಢಿಯಲ್ಲಿತ್ತು. ನಾನೂ ಹಾಗೇ ಎಳೆಯುತ್ತೇನೆ. ಬ್ರೋಷರಿನ ಕಾರಿಗೂ ನಕ್ಷೆಯ ಕಾರಿಗೂ ತಾಳೆಯಾಗಬಾರದು.

ಕಂಪನಿ ಮುಳುಗುವುದನ್ನೂ ಪ್ರೀತಿಯಿಂದಲೇ ಬರೆಯಬೇಕು. 1962ರಲ್ಲಿ ಬಂದ ಬಿಎಂಸಿಯ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) 1100 ಕಾರು ಮಾರಿಸ್, ಎಂಜಿ, ಆಸ್ಟಿನ್, ರೈಲಿ ಹೀಗೆ ಹಲವು ಹೆಸರುಗಳಲ್ಲಿ ಮಾರಾಟವಾಯಿತು. ಗ್ರಿಲ್ಲು, ಬಿಲ್ಲೆ ಬೇರೆ ಬೇರೆ, ಕಾರು ಒಂದೇ. ನನ್ನ ಕಂಪನಿಯನ್ನೂ ದೊಡ್ಡದೊಂದು ಕಂಪನಿ ಕೊಂಡುಕೊಂಡು ಇದನ್ನೇ ಮಾಡಿತು. ಆ ಕೊನೆಯ ಕಾರನ್ನು ಈಗ ಬಿಡಿಸುತ್ತಿದ್ದೇನೆ. ಎತ್ತರದ ಎಂಜಿನ್ನಿಗಾಗಿ ಹುಟ್ಟಿದ ಗ್ರಿಲ್ಲು ಈಗ ಅಡ್ಡಡ್ಡ ಕೂತ ಎಂಜಿನ್ನಿನ ತಗ್ಗು ಬಾನೆಟ್ಟಿನ ಮುಂದೆ ನಿಲ್ಲಬೇಕು. ಕೆಳಗಿನ ಮೂರನೇ ಒಂದು ಭಾಗ ಕತ್ತರಿಸಿ, ಎರಡೂ ಪಕ್ಕಕ್ಕೆ ಕ್ರೋಮ್ ಪಟ್ಟಿ ಎಳೆದಿದ್ದೇನೆ. ನಂಬರ್ ಪ್ಲೇಟಿಗೆ ಇನ್ನೂ ಜಾಗ ಸಿಕ್ಕಿಲ್ಲ.